ಎಡಗೈಯವರ ಎಂಟು ಚಿತ್ರಗಳು

ಓಟ್ಮಾರ್ ಸೈಡ್ಲರ್ ನಮ್ಮೂರ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ಎಕ್ಸ್‌ರೇ ತೆಗೆದವರು. ಜರ್ಮನಿಯ ಮೈನ್ ನದಿಯ ಈ ದಡದಲ್ಲಿ ಅವರು ಒಳಗಿನಿಂದ ನೋಡದ ಮನುಷ್ಯರು ಕಡಿಮೆ. ಬೇಕರಿಯ ಸಾಲಿನಲ್ಲಿ ನಿಂತಾಗಲೂ, "ಏನ್ರೀ, ಎಡ ಮೊಣಕಾಲು ಹೇಗಿದೆ?" ಎಂದು ವಿಚಾರಿಸುತ್ತಾರೆ. ಹೆಸರು ಮರೆತಾರು, ಮೊಣಕಾಲು ಮರೆಯುವುದಿಲ್ಲ. ಈಗ ಅವರಿಗೆ ಎಪ್ಪತ್ತಾರು. ಇವತ್ತಿಗೂ ಮಂಗಳವಾರ ಸಂಜೆ ಶಾಲೆಯ ಆಟದ ಹಾಲ್‌ನಲ್ಲಿ ಹಳೇ ಕಾಲದ ಕತ್ತಿವರಸೆ ಕಲಿಸುತ್ತಾರೆ. ತಮ್ಮ ಬಗ್ಗೆ ನಾನು ಬರೆಯುವುದು ಅವರಿಗೆ ಸುತರಾಂ ಇಷ್ಟವಿಲ್ಲ. ಇಲ್ಲದಿದ್ದರೆ ಇಲ್ಲ. ಅವರೇನು ಎಲ್ಲವನ್ನೂ ನನ್ನನ್ನು ಕೇಳಿ ಮಾಡಿದರಾ?

ಈ ಹುಚ್ಚು ಅವರಿಗೆ ಹಿಡಿದದ್ದೂ ಎಕ್ಸ್‌ರೇ ಕೋಣೆಯಲ್ಲೇ. ಗುಡ್ಡದ ಮೇಲಿನ ಕೋಟೆಮನೆಯ ಮುದುಕ ಜಹಗೀರ್ದಾರ, ನಮ್ಮ ಕಡೆ ಬ್ಯಾರನ್ ಅನ್ನುತ್ತಾರೆ, ಸೊಂಟ ಮುರಿದುಕೊಂಡು ಬಂದಿದ್ದ. ನೋವಾಗದ ಹಾಗೆ ಅವನನ್ನು ಎತ್ತಿ ಮಲಗಿಸಿ ಎಕ್ಸ್‌ರೇ ತೆಗೆದರಂತೆ. ಆ ಉಪಕಾರಕ್ಕೆ ಬ್ಯಾರನ್ ತನ್ನ ಮನೆತನದ ಕತ್ತಿವರಸೆಯ ಪುಸ್ತಕದ ಫೋಟೋ ತೆಗೆದುಕೊಳ್ಳಲು ಬಿಟ್ಟ. ಐನೂರು ವರ್ಷ ಹಳೆಯ ಪುಸ್ತಕ. ಬರಹವಿಲ್ಲ, ಬರೀ ಚಿತ್ರ, ಒಟ್ಟು ಅರವತ್ತೆರಡು. ಓಟ್ಮಾರ್ ಅವನ್ನೆಲ್ಲ ಪುಟ್ಟ ಚೌಕಟ್ಟಿನ ಫಿಲ್ಮ್ ಸ್ಲೈಡ್ ಮಾಡಿ, ದೀಪದ ಯಂತ್ರದಿಂದ ಗೋಡೆಯ ಮೇಲೆ ಬಿಟ್ಟು, ಒಂದೊಂದೇ ವರಸೆಯನ್ನು ಬಿಡಿಸಿ ಕಲಿಸತೊಡಗಿದರು. ನಮ್ಮ ಸಂಘ ಹುಟ್ಟಿದ್ದು ಹೀಗೆ. ಮೂಲ ಪುಸ್ತಕವನ್ನು ಬ್ಯಾರನ್ ಮತ್ತೆ ಯಾರಿಗೂ ತೋರಿಸಲಿಲ್ಲ.

ನಾನು ಗೆರ್ಲಿಂಡ್, ಕ್ಷೌರದಂಗಡಿಯವಳು, ಹುಟ್ಟಾ ಎಡಗೈಯವಳು. ಶಾಲೆಯಲ್ಲಿ ಎಡಗೈಗೆ ಏಟು ತಿಂದೆ, ಕೆಲಸ ಕಲಿಯುವಾಗ ಯಜಮಾನಿ ಬಲಗೈ ಕತ್ತರಿಯನ್ನೇ ಕೊಟ್ಟು ಎರಡು ವರ್ಷ ಅಳಿಸಿದಳು. ೧೯೯೭ರ ಚಳಿಗಾಲ, ನನಗೆ ಆಗಷ್ಟೇ ವಿಚ್ಛೇದನವಾಗಿತ್ತು, ಸಂಜೆಯಾದರೆ ಮನೆ ತಿನ್ನಲು ಬರುತ್ತಿತ್ತು. ಕತ್ತಿಯನ್ನಾದರೂ ಬೀಸೋಣವೆಂದು ಹೋದರೆ ಅಲ್ಲೂ ಅದೇ ರಾಗ.

"ಕತ್ತಿಯ ಹಿಡಿಯಲ್ಲಿ ಬಲಗೈ ಮೇಲೆ ಇಡು, ಎಡಗೈ ಕೆಳಗೆ," ಎಂದರು ಓಟ್ಮಾರ್.

"ನಾನು ಎಡಗೈಯವಳು ಮೇಷ್ಟ್ರೇ."

"ಪುಸ್ತಕದಲ್ಲಿ ಎಡಗೈಯವರೇ ಇಲ್ಲಮ್ಮ. ಪುಸ್ತಕದಲ್ಲಿ ಇಲ್ಲದ್ದು ನಾನು ಕಲಿಸಲ್ಲ."

ಮೂರು ಮಂಗಳವಾರ ಹಲ್ಲು ಕಚ್ಚಿಕೊಂಡು ಬಲಗೈಯಲ್ಲಿ ಬೀಸಿದೆ. ಮೂರನೆಯ ದಿನ ಕತ್ತಿ ಕೈಜಾರಿ ನನ್ನ ಕಾಲಿನ ಮೇಲೇ ಬಿತ್ತು. ಎಲ್ಲರೂ ನಕ್ಕರು. "ನಿಮ್ಮ ಪುಸ್ತಕಾನ ನೀವೇ ಇಟ್ಕೊಂಡು ಪೂಜೆ ಮಾಡಿ, ನಾನಿನ್ನು ಈ ಕಡೆ ತಲೆ ಹಾಕಲ್ಲ!" ಎಂದು ಕೂಗಾಡಿ ಹೊರಟುಬಂದೆ. ದಾರಿಯುದ್ದಕ್ಕೂ ಅತ್ತೆ, ಸುಳ್ಳೇಕೆ ಹೇಳಲಿ.

ಆರು ದಿನ ಬಿಟ್ಟು ಅಂಗಡಿಗೆ ಫೋನ್ ಬಂತು. "ಗೆರ್ಲಿಂಡ್, ಪುಸ್ತಕದ ಕೊನೇ ಫಿಲ್ಮ್ ರೋಲು ಈಗ ತೊಳೆದು ಬಂತು ನೋಡು. ಕೊನೇ ಎಂಟು ಚಿತ್ರದಲ್ಲಿ ಎಡಗೈಯವರೇ ಇದ್ದಾರೆ. ನಾಳೆ ಬಾ." ಹೋದೆ. ಗೋಡೆಯ ಮೇಲೆ ಐನೂರು ವರ್ಷದ ಹಿಂದಿನ ಗಂಡಸರು ಎಡಗೈ ಮುಂದಿಟ್ಟು ನಿಂತಿದ್ದರು. ಓಟ್ಮಾರ್ ಬಲಗೈಯಲ್ಲಿ ಕತ್ತಿ ಹಿಡಿದು ನನ್ನೆದುರು ನಿಂತು, ಎಡಗೈಯವಳು ಬಲಗೈಯವನನ್ನು ಹೇಗೆ ಎದುರಿಸಬೇಕು, ಪಾದ ಎಲ್ಲಿಡಬೇಕು ಎಂದು ಒಂದೊಂದಾಗಿ ತೋರಿಸಿದರು. ನನ್ನ ಎಡಗೈಯನ್ನು ಯಾರೋ ಮೊದಲ ಸಲ ಬಾ ಎಂದು ಕರೆದ ಹಾಗಾಯಿತು. ಅವತ್ತಿನಿಂದ ಇಪ್ಪತ್ತೆರಡು ವರ್ಷ ನಾನು ಮಂಗಳವಾರ ತಪ್ಪಿಸಲಿಲ್ಲ. ಕುಡಿತಕ್ಕೆ ಬೀಳದೆ, ಹುಚ್ಚಿಯಾಗದೆ ಉಳಿದದ್ದು ಆ ಎಂಟು ಚಿತ್ರಗಳಿಂದ.

ಪ್ರತಿ ವರ್ಷ ಅಕ್ಟೋಬರಿನ ಒಂದು ಶನಿವಾರ, ಭಾನುವಾರ ನಮ್ಮ ಹಾಲ್‌ನಲ್ಲಿ ಕತ್ತಿವರಸೆಯವರ ಕೂಟ. ಅರವತ್ತು ಜನ ಚಾಪೆ, ಮುಖಗವಸು, ಬೆವರು ನಾರುವ ದಪ್ಪ ಅಂಗಿಗಳ ಸಮೇತ ಬಂದಿಳಿಯುತ್ತಾರೆ. ಭಾನುವಾರ ಹತ್ತು ಗಂಟೆಗೆ ನನ್ನ ಪಾಠ. ಅದರ ಹೆಸರೇ "ಎಡಗೈ ಅಧ್ಯಾಯ". ಹದಿನೆಂಟು ವರ್ಷದಿಂದ ನಡೆಯುತ್ತಿದೆ. ಎಲ್ಲೆಲ್ಲಿಂದಲೋ ಎಡಗೈಯವರು ಅದೊಂದಕ್ಕೇ ಬರುತ್ತಾರೆ.

ಈ ವರ್ಷ ಉತ್ತರದ ಕೀಲ್ ಊರಿನ ಕಡೆಯಿಂದ ಮಾಲ್ಟೆ ಎಂಬ ಸಣಕಲು ಹುಡುಗ ಬಂದಿದ್ದ. ಹಳೇ ಪುಸ್ತಕಗಳನ್ನು ಅರೆದು ಕುಡಿದವನು. ಬ್ಯಾರನ್ ತೀರಿಕೊಂಡ ಮೇಲೆ ಪುಸ್ತಕ ಒಂದು ಗ್ರಂಥಾಲಯಕ್ಕೆ ಹೋಗಿತ್ತು. ಅವರು ಈ ಬೇಸಿಗೆಯಲ್ಲಿ ಅದರ ಪುಟಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದ್ದರಂತೆ. ಶನಿವಾರ ಮಧ್ಯಾಹ್ನದ ಊಟವಾದ ಮೇಲೆ ಮಾಲ್ಟೆ ತನ್ನ ಲ್ಯಾಪ್‌ಟಾಪಿನಿಂದ ಎರಡು ಚಿತ್ರಗಳನ್ನು ಗೋಡೆಯ ಮೇಲೆ ಅಕ್ಕಪಕ್ಕ ಬಿಟ್ಟ. ಒಂದು ನಮ್ಮ ಸ್ಲೈಡು, ಇನ್ನೊಂದು ಮೂಲದ ಪುಟ.

"ಬೇಜಾರು ಮಾಡ್ಕೋಬೇಡಿ," ಎಂದ ಪಾಪ. "ಕೊನೇ ಎಂಟು ಸ್ಲೈಡು ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಉಲ್ಟಾ ಕೂತಿವೆ. ಮೂಲದಲ್ಲಿ ಎಲ್ಲರೂ ಬಲಗೈಯವರೇ. ಎಡಗೈ ಅಧ್ಯಾಯ ಅಂತ ಒಂದು ಇಲ್ವೇ ಇಲ್ಲ."

ಹಿಂದಿನಿಂದ ಯಾರೋ, "ಎಕ್ಸ್‌ರೇ ಓಟ್ಮಾರ್‌ಗೇ ಎಡ ಯಾವ್ದು ಬಲ ಯಾವ್ದು ಗೊತ್ತಾಗ್ಲಿಲ್ವಾ! ಆ ಆಸ್ಪತ್ರೇಲಿ ಯಾರ್ಯಾರ ಯಾವ್ಯಾವ ಕಾಲು ಕುಯ್ದ್ರೋ!" ಎಂದು ಕೂಗಿದ. ಅರವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಓಟ್ಮಾರ್ ಎದ್ದು ನಿಂತು ಕೈ ಎತ್ತಿದರು. ಕಾಳಗದಲ್ಲಿ ಏಟು ತಿಂದವನೇ ಹಾಗೆ ಕೈ ಎತ್ತಿ ಒಪ್ಪಿಕೊಳ್ಳುವುದು ನಮ್ಮ ಪದ್ಧತಿ. "ಚೌಕಟ್ಟಿಗೆ ಹಾಕುವಾಗ ತಿರುಗಿಹೋಗಿದೆ. ತಪ್ಪು ನಂದೇ," ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷ ಊರವರ ಮುಂದೆ ನಿಂತು, ಪುಸ್ತಕದಲ್ಲಿ ಹೀಗಿದೆ, ಹಾಗಿದೆ ಎಂದು ಬಡಾಯಿ ಕೊಚ್ಚಿದವಳು ನಾನು. ನೇರ ಅವರ ಹಿಂದೆಯೇ ನುಗ್ಗಿದೆ. ಮುಕ್ಕಾಲಿಯ ಮೇಲೆ ಕೂತು ರಾತ್ರಿಯ ಸೂಪಿಗೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು.

"ನನ್ನ ಜೀವನಾನೇ ಉಲ್ಟಾ ತೂಗುಹಾಕಿಬಿಟ್ರಲ್ಲ ಮೇಷ್ಟ್ರೇ! ಒಂದ್ಸಲ, ಒಂದೇ ಒಂದ್ಸಲ ತಿರುಗಿಸಿ ನೋಡ್ಬಾರ್ದಿತ್ತಾ? ನಾಳೆ ಆ ಜನಕ್ಕೆ ಯಾವ ಮುಖ ಇಟ್ಕೊಂಡು ಪಾಠ ಹೇಳ್ಲಿ?"

"ತಪ್ಪಾಯ್ತು ಗೆರ್ಲಿಂಡ್. ನಾಳೆ ಪಾಠ ಇಲ್ಲ ಅಂತ ನಾನೇ ಹೇಳ್ತೀನಿ ಬಿಡು." ತಲೆ ಎತ್ತಲಿಲ್ಲ. ಸಿಪ್ಪೆಯ ಬಕೆಟ್ ಎತ್ತಿಕೊಂಡು ಹಿತ್ತಿಲಿಗೆ ನಡೆದರು.

ಒಲೆಯ ಹತ್ತಿರ ಅವರ ಹೆಂಡತಿ ಹೆಡ್ವಿಗ್ ಈರುಳ್ಳಿ ಬಾಡಿಸುತ್ತಿದ್ದಳು. "ಮುಗೀತಾ ನಿನ್ನ ಕೂಗಾಟ?" ಎಂದಳು.

"ಇನ್ನೂ ಶುರುವೇ ಆಗಿಲ್ಲ."

"ಹಾಗಾದ್ರೆ ಶುರುಮಾಡೋಕೆ ಮುಂಚೆ ಸ್ವಲ್ಪ ತಲೆ ಓಡಿಸು. ಒಂದೊಂದು ಎಕ್ಸ್‌ರೇಗೂ ಎಡ, ಬಲ ಅಂತ ಸೀಸದ ಅಕ್ಷರ ಇಟ್ಟು ಮೂವತ್ತಾರು ವರ್ಷ ಕಳೆದ ಪ್ರಾಣಿ ಅದು. ಒಗೆದ ಸಾಕ್ಸನ್ನೂ ಎಡ ಬಲ ನೋಡಿ ಜೋಡಿಸುತ್ತೆ. ಅಂಥವನ ಕೈಲಿ ಎಂಟು ಸ್ಲೈಡು ತಾನಾಗೇ ಉಲ್ಟಾ ಆಗುತ್ತಾ?"

ನಾನು ಹಿತ್ತಿಲ ಬಾಗಿಲ ಕಡೆ ತಿರುಗಿ ನೋಡಿದೆ.

"ನೀನು ಅತ್ತುಕೊಂಡು ಹೋದ ದಿನ ಇವನು ಊಟ ಮಾಡ್ಲಿಲ್ಲ. 'ಆ ಹುಡುಗಿ ಇನ್ನು ಬರಲ್ಲ ಹೆಡ್ವಿಗ್, ನಾನೇ ಓಡಿಸಿದೆ' ಅಂತ ಒಂದೇ ಸಮ ಗೋಳು. ಮಾರನೇ ದಿನ ಸ್ಲೈಡು ಬಿಚ್ಚಿ ತಿರುಗಿಸಿ ಹಾಕ್ದ. ಆದ್ರೆ ತಿರುಗಿಸಿದ ಚಿತ್ರದಲ್ಲಿ ಇಬ್ರೂ ಎಡಗೈಯವರಾಗಿಬಿಟ್ರು. ನೀನು ಹೊಡೆದಾಡಬೇಕಾಗಿದ್ದು ಬಲಗೈಯವರ ಜೊತೆ. ಅದರಿಂದ ನಿನಗೇನು ಬಂತು? ಅದಕ್ಕೆ ಐದು ದಿನ ಸಂಜೆ ನನ್ನ ಎಡಗೈಗೆ ಪೊರಕೆ ಕೊಟ್ಟು ಅಡುಗೆಮನೇಲಿ ಕುಣಿಸ್ದ. ಎಲ್ಲಿ ಹೆಜ್ಜೆ, ಎಲ್ಲಿ ತಿರುವು ಅಂತ ತಾನೇ ಕಂಡುಹಿಡ್ದ. ನನ್ನ ಒಳ್ಳೇ ದೀಪದ ಗಾಜು ಒಡೀತು. ನೀನು ಕಲಿತಿದ್ದು ಯಾವ ಪುಸ್ತಕದ್ದೂ ಅಲ್ಲ ಕಣೇ, ಇವನದು."

"ಮತ್ತೆ ತಪ್ಪಾಯ್ತು ಅಂತ ಯಾಕೆ ಒಪ್ಕೊಂಡ್ರು?"

"ಪೆದ್ದ ಅಂದ್ರೆ ನಾಲ್ಕು ದಿನ ನಗ್ತಾರೆ, ಬಿಡ್ತಾರೆ. ಬೇಕಂತಲೇ ಮಾಡ್ದ ಅಂದ್ರೆ? ನೀನೇ ಹೇಳು, ನಿಮ್ಮ ಜನ ಬಿಡ್ತಾರಾ? ಬಾಯಿ ಬಿಡ್ಬೇಡ."

ಅವಳು ಹೇಳಿದ್ದು ನಿಜ. ಪುಸ್ತಕದಲ್ಲಿ ಇಲ್ಲದ್ದನ್ನು ಇದೆ ಎನ್ನುವುದಕ್ಕಿಂತ ದೊಡ್ಡ ಪಾಪ ನಮ್ಮವರಲ್ಲಿ ಇಲ್ಲ. ಸ್ವಂತ ವರಸೆಯೊಂದನ್ನು ಹಳೇ ಗುರುವಿನ ಹೆಸರಿಗೆ ಹಚ್ಚಿದ ಒಬ್ಬನನ್ನು ಇವತ್ತಿಗೂ ಯಾವ ಕೂಟಕ್ಕೂ ಕರೆಯುವುದಿಲ್ಲ. ಹೇಳಿದರೆ ಓಟ್ಮಾರ್ ಮೋಸಗಾರ, ಹೇಳದಿದ್ದರೆ ಎಡ ಬಲ ತಿಳಿಯದ ದಡ್ಡ. ನಾನು ಹೆಡ್ವಿಗ್‌ಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಸಂಜೆ ಓಟ್ಮಾರ್ ಎಂದಿನಂತೆ ಸೂಪು ಬಡಿಸಿದರು. "ಚಮಚ ಯಾವ ಕೈಲಿ ಹಿಡೀಬೇಕು ಓಟ್ಮಾರ್?" ಎಂದು ಒಬ್ಬ. "ಸಾಸೇಜು ನನ್ನ ಬಲಕ್ಕಿದೆಯೋ ಎಡಕ್ಕಿದೆಯೋ?" ಎಂದು ಇನ್ನೊಬ್ಬ. ಅವರು ಎಲ್ಲರ ಜೊತೆ ನಗುತ್ತಾ, ಒಬ್ಬೊಬ್ಬರಿಗೂ ಸಾಸೇಜು ಎಣಿಸಿ ಹಾಕುತ್ತಾ ನಡೆದರು. ನಾನು ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ಆ ನಗುವನ್ನು ಅವರು ನನಗೋಸ್ಕರ ತಿನ್ನುತ್ತಿದ್ದರು.

ಭಾನುವಾರ ಹತ್ತು ಗಂಟೆಗೆ ಎಡಗೈಯವರು ಒಂಬತ್ತೇ ಜನ ಬರಬೇಕಿತ್ತು. ತಮಾಷೆ ನೋಡಲು ಅರವತ್ತೂ ಜನ ಬಂದು ಗೋಡೆಗೊರಗಿ ಕೂತಿದ್ದರು. ಓಟ್ಮಾರ್ ಪಾಠ ಇಲ್ಲವೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾನು ಮಧ್ಯಕ್ಕೆ ಹೋಗಿ ನಿಂತೆ.

"ಸ್ಲೈಡು ತಾನಾಗಿ ತಿರುಗಿದ್ದಲ್ಲ," ಎಂದೆ. "ಮೇಷ್ಟ್ರು ಬೇಕಂತಲೇ ತಿರುಗಿಸಿದ್ರು."

"ಗೆರ್ಲಿಂಡ್, ಬಾಯಿ ಮುಚ್ಚು!" ಎಂದು ಓಟ್ಮಾರ್ ಗದರಿದರು. ಅವರ ಮುಖ ಬಿಳಿಚಿಕೊಂಡಿತ್ತು.

"ಇಪ್ಪತ್ತೆರಡು ವರ್ಷ ನೀವು ಹೇಳಿದ ಹಾಗೆ ಕೇಳಿದ್ದೀನಿ. ಇವತ್ತೊಂದು ದಿನ ಕೇಳಲ್ಲ." ಎಲ್ಲ ಹೇಳಿದೆ. ನನ್ನ ಕಾಲ ಮೇಲೆ ಬಿದ್ದ ಕತ್ತಿ, ಪೊರಕೆ, ದೀಪದ ಗಾಜು, ಒಂದೂ ಬಿಡಲಿಲ್ಲ. ಕೈಹಿಡಿದು ನನ್ನನ್ನು ಮೇಲೆತ್ತಿದವರನ್ನು ನಾನೇ ಬೀದಿಗೆ ನಿಲ್ಲಿಸುತ್ತಿದ್ದೇನೆಯೇ ಎಂಬ ಹೆದರಿಕೆ.

ಹಿರಿಯರಿಬ್ಬರು ಎದ್ದು, ಚಾಪೆ ಸುತ್ತಿಕೊಂಡು ಹೊರಟುಹೋದರು. ಎಲ್ಲರೂ ಕ್ಷಮಿಸಿದರು ಎಂದು ನಾನು ಬರೆಯಲಾರೆ. ಮಾಲ್ಟೆ ಮಾತ್ರ ಹುಬ್ಬು ಗಂಟಿಕ್ಕಿ ಎದ್ದುಬಂದ.

"ಚಿತ್ರ ಸುಳ್ಳು, ಅದು ಸರಿಯಲ್ಲ. ಆದ್ರೆ ನಿನ್ನೆ ಬೆಳಿಗ್ಗೆ ನೀವು ಅಭ್ಯಾಸ ಮಾಡ್ತಿದ್ದ ಹೆಜ್ಜೆ ಉಲ್ಟಾ ಚಿತ್ರದಲ್ಲೂ ಇಲ್ಲ. ಎಲ್ಲಿಂದ ಬಂತು ಅಂತ ನನಗೆ ನಿನ್ನೆಯಿಂದ ತಲೆ ಕೆಟ್ಟಿತ್ತು. ಒಂದ್ಸಲ ತೋರಿಸ್ತೀರಾ?"

ಮುಖಗವಸು ಹಾಕಿಕೊಂಡೆವು. ಅವನು ಬಲಗೈಯಲ್ಲಿ ಬೀಸಿದ, ನಾನು ಮೊದಲನೇ ವರಸೆಯಲ್ಲಿ ಒಳಗೆ ಹೋಗಿ ಅವನ ಭುಜಕ್ಕೆ ಮುಟ್ಟಿಸಿದೆ. "ಇನ್ನೊಂದ್ಸಲ," ಎಂದ. ಮುಟ್ಟಿಸಿದೆ. ಐದು ಸಲ "ಇನ್ನೊಂದ್ಸಲ" ಎಂದ. ಆಮೇಲೆ ಮುಖಗವಸು ತೆಗೆದು, ಬೆವರು ಒರೆಸಿಕೊಂಡು, ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆಯುತ್ತಾ ಗಟ್ಟಿಯಾಗಿ ಓದಿದ: "ಎಂಟು ವರಸೆ. ಎಡಗೈಯವರು, ಬಲಗೈಯವರ ಎದುರು. ಮಾಡಿದವರು ಓಟ್ಮಾರ್ ಸೈಡ್ಲರ್ ಮತ್ತು ಹೆಡ್ವಿಗ್ ಸೈಡ್ಲರ್. ಅಡುಗೆಮನೆ, ೧೯೯೭."

"ಪೊರಕೇನೂ ಬರ್ಕೋ!" ಎಂದು ಹೆಡ್ವಿಗ್ ಬಾಗಿಲಿನಿಂದ ಕೂಗಿದಳು.

ನನ್ನ ಒಂಬತ್ತು ಜನರಲ್ಲಿ ಅಲ್ವಿನ್ ಎಂಬ ಕಟುಕನಿದ್ದಾನೆ, ಬಾಗಿಲು ತುಂಬುವ ಆಳು. ಅವನು ಓಟ್ಮಾರ್ ಮುಂದೆ ಹೋಗಿ ನಿಂತ. "ಹನ್ನೊಂದು ವರ್ಷದಿಂದ ಯಾರೋ ಸತ್ತ ಗುರುವಿಗೆ ಮನಸ್ಸಲ್ಲೇ ಕೈಮುಗೀತಿದ್ದೆ ಕಣಯ್ಯಾ," ಎಂದ. "ಬದುಕಿರೋನು ಇಲ್ಲೇ ನನಗೆ ಸೂಪು ಬಡಿಸ್ತಿದ್ದ. ಬಾ ಇಲ್ಲಿ." ಮುದುಕರನ್ನು ನೆಲದಿಂದ ಎತ್ತಿ ತಬ್ಬಿಕೊಂಡ. "ಪಕ್ಕೆಲುಬು, ಪಕ್ಕೆಲುಬು!" ಎಂದು ಓಟ್ಮಾರ್ ಕಿರುಚಿದರು. ಹಾಲ್ ನಕ್ಕಿತು. ನಿನ್ನೆಯ ನಗು ಅಲ್ಲ ಅದು.

ಮಧ್ಯಾಹ್ನ ಎಲ್ಲರೂ ಹೊರಟ ಮೇಲೆ ಪಾತ್ರೆ ಒರೆಸುತ್ತಾ ಅವರ ಪಕ್ಕ ನಿಂತೆ. ಮುನಿಸಿಕೊಂಡು ತಟ್ಟೆ ತೊಳೆಯುತ್ತಿದ್ದರು.

"ಥ್ಯಾಂಕ್ಸ್ ಮೇಷ್ಟ್ರೇ," ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ಆ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ, ಪುಸ್ತಕಕ್ಕೇ ಹೇಳುತ್ತಿದ್ದೆ. "ಯಾಕೆ ಇಷ್ಟು ದಿನ ಮುಚ್ಚಿಟ್ರಿ? ಒಂದೆರಡು ವರ್ಷ ಆದ್ಮೇಲೆ ಹೇಳಿದ್ರೆ ನಾನು ನಕ್ಕುಬಿಡ್ತಿದ್ದೆ."

ಅವರು ತಟ್ಟೆಯನ್ನೇ ನೋಡುತ್ತಿದ್ದರು. "ಒಂದು ದಿನದ ಮಟ್ಟಿಗೆ ಅಂತ ಮಾಡಿದ್ದು ಅದು. ನೀನು ಒಂದ್ಸಲ ಖುಷಿಯಾಗಿ ಮನೆಗೆ ಹೋದ್ರೆ ಸಾಕು, ಆಮೇಲೆ ನಿಜ ಹೇಳೋಣ ಅಂತಿದ್ದೆ. ಆಮೇಲೆ ಹೆದರಿಕೆ ಆಯ್ತು."

"ಎಂಥ ಹೆದರಿಕೆ?"

"ನೀನು ಬರೋದು ಬಿಟ್ಟುಬಿಟ್ರೆ ಅಂತ."

"ಇಪ್ಪತ್ತೆರಡು ವರ್ಷಾನೂನಾ?"

"ಪ್ರತೀ ವಾರ," ಎಂದರು ಓಟ್ಮಾರ್. "ಬಾಗಿಲು ತೆರೆದು ನೀನು ಒಳಗೆ ಬರೋ ತನಕ."