ಎರಡನೇ ಮಳೆಯ ನೀರು

ನಮ್ಮ ಮೊಳಕಾಲ್ಮೂರಲ್ಲಿ ಇನ್ನೂ ಮಳೆಯಿಲ್ಲ, ಬಾವಿ ನೀರು ಉಪ್ಪು. ಅದರಲ್ಲಿ ತೊಳೆದ ರೇಷ್ಮೆಗೆ ಬಣ್ಣ ಸಮನಾಗಿ ಹತ್ತಲ್ಲ. ಚಳ್ಳಕೆರೆಯಲ್ಲಿ ಮಳೆ ಹಿಡಿದೈತೆ ಅಂತ ಕೇಳಿ, ಬಿಳಿ ನೂಲಿನ ಗಂಟು ಕಟ್ಟಿಕೊಂಡು ಗಾಡಿ ಹತ್ತಿ ತಂಗಿ ಮನೆಗೆ ಬಂದೆ.

ನಾನು ಬಂದ ಮೇಲೆ ಸುರಿದ ಮೊದಲ ಮಳೆ ಆಕಾಶದ ಧೂಳು ತೊಳೀಲಿ ಅಂತ ಬಿಟ್ಟೆ. ಎರಡನೇ ಮಳೆಗೆ ಅಂಗಳದ ನಡುವೆ ಹಂಡೆ ಇಟ್ಟೆ. ಸೂರಿನ ನೀರು ಒಂದು ಹನಿಯೂ ಅದಕ್ಕೆ ಬೀಳಲಿಲ್ಲ. ನಮ್ಮೂರಲ್ಲಿ ಹಿಂಗೇ ಹಿಡಿಯೋದು, ಕನ್ನಡಿಯಂಥ ನೀರು ಸಿಗ್ತೈತೆ. ಅದೇ ನಂಬಿಕೆ ಮೇಲೆ ಹಂಡೆಯೊಳಗೆ ಬಗ್ಗಿಯೂ ನೋಡದೆ ನೂಲು ಅದ್ದಿದೆ. ಎತ್ತಿದರೆ ಬೂದಿ ಬಣ್ಣ! ತಳದಲ್ಲಿ ಬೆರಳಿಗಂಟುವಷ್ಟು ಮಸಿ.

"ಹತ್ತಿ ಮಿಲ್ಲಿನ ಹೊಗೆ ಅಕ್ಕಾ. ನಾವು ಇದನ್ನೇ ಸೋಸಿ ಕುಡಿಯೋದು" ಅಂದಳು ತಂಗಿ, ಏನೂ ಆಗದವಳಂಗೆ.

"ಕುಡೀತೀಯಾ? ನಿನಗೆ ಬುದ್ಧಿ ಐತೇನೇ?" ಅಂತ ಬೈದು, ಆ ನೀರನ್ನು ಚೆಂಬಿಗೆ ತುಂಬಿಕೊಂಡು ಮಿಲ್ಲಿನ ಬಾಗಿಲಿಗೆ ಹೋದೆ. ಬಿಳಿ ಪಂಚೆಯ ಗುಮಾಸ್ತ ಕುರ್ಚಿ ಮೇಲೆ ಕುಂತಿದ್ದ. ನಿಮ್ಮ ಹೊಗೆ ಮಳೆನೀರಿಗೆ ಏನು ಮಾಡೈತೆ ನೋಡು ಅಂತ ಚೆಂಬು ತೋರಿಸಿದೆ.

"ಮಳೆ ದೇವರದು ಅಜ್ಜಿ, ನಮ್ಮನ್ಯಾಕೆ ಕೇಳ್ತೀರಿ?"

"ದೇವರು ಕಲ್ಲಿದ್ದಲು ಸುಡ್ತಾನೇನಪ್ಪಾ? ಮೂರು ಸೀರೆಯ ನೂಲು ಹಾಳಾತು. ನಮ್ಮ ಮಗ್ಗ ಇನ್ನೊಂದು ತಿಂಗಳು ಖಾಲಿ."

"ಅಷ್ಟು ಮಸಿಯಿಂದ ಏನೂ ಆಗಲ್ಲ, ಬಿಡ್ರಿ."

"ಹಂಗಾರೆ ಒಂದು ಗುಟುಕು ಕುಡಿ" ಅಂತ ಚೆಂಬು ಮುಂದೆ ಹಿಡಿದೆ.

ಹನಿ ಬಿದ್ದೀತು ಅಂತ ಪಂಚೆ ಎತ್ತಿ ಹಿಡಿದು, ಕುರ್ಚಿ ಸಮೇತ ಹಿಂದಕ್ಕೆ ಸರಿದ.