ನಮ್ಮ ಮೆಸ್ಸಿನ ಗಾಜಾದ ಅತಿಥಿ

ಸೌದಿಯ ಯಾನ್ಬುವಿನಲ್ಲಿ ನಾವು ಹನ್ನೊಂದು ಜನ ಕರಾವಳಿಯವರು ಸೇರಿ ಒಂದು ಮೆಸ್ ನಡೆಸುತ್ತಿದ್ದೆವು. ಹಗಲು ಕಂಪನಿ ಕೆಲಸ, ಸಂಜೆ ಬಾಡಿಗೆ ಫ್ಲ್ಯಾಟಿನಲ್ಲಿ ಒಟ್ಟಿಗೆ ಊಟ. ಅಡುಗೆಗೆ ಉಳ್ಳಾಲದ ಕಡೆಯವನೊಬ್ಬನಿದ್ದ. 2014ರ ರಂಜಾನಿನಲ್ಲಿ, ಗಾಜಾದ ಮೇಲೆ ಬಾಂಬು ಬೀಳುತ್ತಿದ್ದಾಗ, ನನ್ನ ಆಫೀಸಿನ ಡ್ರಾಫ್ಟ್ಸ್‌ಮನ್ನನ್ನು ಅಲ್ಲಿಗೆ ಇಫ್ತಾರಿಗೆ ಕರೆತಂದವನು ನಾನೇ. ಅವನು ಗಾಜಾದವನು. ಹೆಂಡತಿ ಮಕ್ಕಳು ಅಲ್ಲೇ ಸಿಕ್ಕಿಬಿದ್ದಿದ್ದರು. ಇವನು ಕೋಣೆಯಲ್ಲಿ ಒಬ್ಬನೇ ಕುಳಿತು, ಫೋನು ನೋಡುತ್ತ, ಎರಡು ಖರ್ಜೂರ ತಿಂದು ಉಪವಾಸ ಬಿಡುತ್ತಿದ್ದ. ನೋಡಲಾರದೆ ಕರೆದೆ.

ಮೆಸ್ಸಿನವರು ಅವನನ್ನು ಮದುಮಗನ ಹಾಗೆ ಕೂರಿಸಿದರು. ನಮ್ಮಲ್ಲಿ ಹಿರಿಯರಾದ, ಎಲ್ಲರೂ ಕಾಕ ಎಂದು ಕರೆಯುತ್ತಿದ್ದವರು, ತಾವೇ ಅವನ ತಟ್ಟೆಗೆ ಸಮೋಸ ಹಾಕಿದರು. ಅಮೆರಿಕದ ಕೋಲಾಕ್ಕೆ ಬಹಿಷ್ಕಾರ ಬಿತ್ತು, ಅದರ ಜಾಗಕ್ಕೆ ಕಿತ್ತಳೆ ಪುಡಿಯ ಶರಬತ್ತು ಬಂತು. ಬಾಂಬು ಕೊಟ್ಟವರು ಯಾರು, ವಿಶ್ವಸಂಸ್ಥೆಯಲ್ಲಿ ನಮ್ಮ ದೇಶ ಯಾವ ಕಡೆ ಕೈ ಎತ್ತಿತು, ಅರಬ್ ದೊರೆಗಳು ಯಾಕೆ ಸುಮ್ಮನಿದ್ದಾರೆ ಎಂದು ದಿನವೂ ಚರ್ಚೆ. ದೊರೆಗಳ ಮಾತು ಬಂದಾಗ ಮಾತ್ರ ಎಲ್ಲರ ದನಿಯೂ ತಗ್ಗುತ್ತಿತ್ತು. ಎಲ್ಲವೂ ನಮ್ಮ ಭಾಷೆಯಲ್ಲೇ, ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅವನ ಮನೆಯವರು ಬದುಕಿದ್ದಾರಾ ಎಂದು ಕೇಳಿದವನು ಅಡುಗೆಯವನೊಬ್ಬನೇ. ಉಳಿದವರು ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, 'ಗಾಜಾದ ನಮ್ಮ ಸೋದರ' ಎಂದು ಬರೆದು ಫೇಸ್‌ಬುಕ್ಕಿಗೆ ಹಾಕಿದರು. ನಾನೂ ಹಾಕಿದೆ.

ಮರುವರ್ಷ ರಂಜಾನಿಗೆ ಮುಂಚೆ, ಸೌದಿಯ ಪೂರ್ವ ಭಾಗದ ಮಸೀದಿಗಳಲ್ಲಿ ಬಾಂಬು ಸಿಡಿಯಿತು. ನಮಾಜಿಗೆ ಬಂದವರನ್ನು ಕೊಂದ ಆ ಪಾಪಿಗಳಿಗೆ ಎಷ್ಟು ಶಾಪ ಹಾಕಿದರೂ ಸಾಲದು. ಹೊರದೇಶದವರ ತಪಾಸಣೆ ಎಲ್ಲೆಡೆ ಬಿಗಿಯಾಯಿತು. ಒಂದು ಸಂಜೆ ಇಬ್ಬರು ಪೊಲೀಸರು ನಮ್ಮ ಕಟ್ಟಡಕ್ಕೂ ಬಂದು ಎಲ್ಲರ ಇಕಾಮಾ, ಅಂದರೆ ವಾಸದ ಪರವಾನಗಿ, ನೋಡಿ, ಸಲಾಂ ಹೇಳಿ ಹೋದರು. ಗಾಜಾದವನ ಸುದ್ದಿಯನ್ನೇ ಅವರು ಎತ್ತಲಿಲ್ಲ. ಆದರೆ ಅವರು ಮೆಟ್ಟಿಲು ಇಳಿಯುವ ಮೊದಲೇ ನಮ್ಮವರು ಫೋಟೊ ಅಳಿಸತೊಡಗಿದ್ದರು. ಒಬ್ಬ ಬುದ್ಧಿವಂತ ಪೂರ್ತಿ ಅಳಿಸದೆ ಗಾಜಾದವನನ್ನಷ್ಟೇ ಕತ್ತರಿಸಿದ. ಆ ಚಿತ್ರದಲ್ಲಿ ನನ್ನ ಹೆಗಲ ಮೇಲೆ ಅವನ ನಾಲ್ಕು ಬೆರಳು ಉಳಿದುಬಿಟ್ಟವು.

"ಈ ಸಲ ಅವ ಬರುದು ಬೇಡ ಮಾರಾಯ," ಎಂದರು ಕಾಕ. "ನಾಳೆ ಪೊಲೀಸ್ನವರು ಕೇಳಿದ್ರೆ ಎಂತ ಹೇಳುದು? ನಮ್ಗೂ ಹೆಂಡ್ತಿ ಮಕ್ಳಿಲ್ವಾ?"

"ಅವ ಎಂತ ಮಾಡಿದ್ದಾನೆ ಕಾಕ?"

"ಎಂತ ಮಾಡ್ಲಿಲ್ಲ. ಆದ್ರೂ ಬೇಡ. ನೀನೇ ಕರ್ಕೊಂಡು ಬಂದದ್ದಲ್ವಾ, ನೀನೇ ಹೇಳು."

ಹೋದ ವರ್ಷ ಅವನ ತಟ್ಟೆಗೆ ಸಮೋಸ ಹಾಕಿದ್ದೂ ಇದೇ ಕಾಕ. ನನಗೆ ಅಸಹ್ಯವಾಯಿತು. ಆದರೆ ಅಸಹ್ಯಪಟ್ಟದ್ದೇ ನನ್ನ ದೊಡ್ಡ ಪೌರುಷ. ಮರುದಿನ ಆಫೀಸಿನಲ್ಲಿ ಅವನೆದುರು ನಿಂತು ಚೆನ್ನಾಗಿ ಸುಳ್ಳು ಹೇಳಿದೆ. ಅಡುಗೆಯವನ ತಾಯಿಗೆ ಹುಷಾರಿಲ್ಲ, ಅವನು ಊರಿಗೆ ಹೋದ, ಈ ರಂಜಾನಿಗೆ ಮೆಸ್ ಇಲ್ಲ ಎಂದೆ.

ಅವನ ಮುಖ ಸಣ್ಣಗಾಯಿತು. "ಪಾಪ, ಆ ತಾಯಿಗೆ ದೇವರು ಒಳ್ಳೆಯದು ಮಾಡಲಿ," ಎಂದ. ಆಮೇಲೆ ಕೇಳಿದ: "ಹಾಗಾದರೆ ನೀವೆಲ್ಲ ಏನು ತಿನ್ನುತ್ತೀರಿ?"

ಹೇಗೋ ಆಗುತ್ತದೆ ಎಂದು ತೊದಲಿ ತಪ್ಪಿಸಿಕೊಂಡೆ.

ಮೊದಲ ಉಪವಾಸದ ಸಂಜೆ ಬಾಂಗಿನ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಸೌಟು ಹಿಡಿದೇ ಹೋಗಿ ತೆರೆದವನು ಅಡುಗೆಯವನು. ಹೊರಗೆ ಗಾಜಾದವನು, ಬಟ್ಟೆ ಸುತ್ತಿದ ದೊಡ್ಡ ಪಾತ್ರೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಅಡುಗೆಯವನನ್ನು ಕಂಡು ನಿಜಕ್ಕೂ ಸಂತೋಷಪಟ್ಟ. "ಬಂದೆಯಾ? ತಾಯಿ ಹೇಗಿದ್ದಾರೆ?" ಎಂದು ಕೇಳಿದ. ನನ್ನ ಸುಳ್ಳು ಗೊತ್ತಿಲ್ಲದ ಅಡುಗೆಯವನು "ತಮಾಮ್, ತಮಾಮ್" ಎಂದು ನಕ್ಕ. ಅಷ್ಟರಲ್ಲಿ ಗಾಜಾದವನ ಕಣ್ಣು ಒಳಗೆ ಬಿತ್ತು. ನೆಲಕ್ಕೆ ಹಾಸಿದ ಊಟದ ಹಾಳೆ, ಸುಪ್ರದ ಸುತ್ತ ಸಮೋಸ, ಗಂಜಿ, ಖರ್ಜೂರದ ಮುಂದೆ ನಾವು ಹನ್ನೊಂದು ಜನರೂ ಕುಳಿತಿದ್ದೆವು. ಯಾರೂ 'ಬಾ' ಎನ್ನಲಿಲ್ಲ. ಅವನು ಪಾತ್ರೆಯನ್ನು ಅಡುಗೆಯವನ ಕೈಗಿತ್ತು, "ಬಿಸಿಯಿದೆ, ಹುಷಾರು," ಎಂದು ಹೇಳಿ ಮೆಟ್ಟಿಲಿಳಿದ.

ಕಾಕ ಮುಚ್ಚಳ ತೆಗೆದರು. ಕೋಳಿ, ಬದನೆ, ಅನ್ನ. ಹನ್ನೊಂದು ಜನಕ್ಕೆ ಸಾಕಾಗುವಷ್ಟಿತ್ತು.

"ಅನ್ನ ಹಾಳು ಮಾಡ್ಬಾರ್ದು," ಎಂದು ಅವರು ಮೊದಲು ಬಡಿಸಿಕೊಂಡರು. ಎಲ್ಲರೂ ತಿಂದರು. ನಾನೂ ತಿಂದೆ, ಎರಡು ಸಲ ಹಾಕಿಸಿಕೊಂಡು.