ಆಚೆ ದಡದವಳ ಸಹಿ

ನಮ್ಮಕ್ಕ ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತಾಳೆ. ರಸ್ತೆಯ ತಿರುವಿನವರೆಗೆ ಹೋಗಿ, ವಾಪಸ್ಸು ಬಂದು ಮತ್ತೆ ಜಗ್ಗುತ್ತಾಳೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಒಡಹುಟ್ಟಿದ ತಂಗಿ ಹೊಲಿದ ಅಂಗಿಯನ್ನೂ ಅವಳು ಒಳಮಗ್ಗುಲು ಮಾಡಿ, ಹೊಲಿಗೆ ಎಳೆದು ನೋಡದೆ ತೊಡುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಅವಳ ಜಪ. ಹಾಲನ್ನೇ ಕೊಟ್ಟರೂ ಅದನ್ನೇ ಹೇಳುತ್ತಾಳೆ.

ಇಂಥವಳಿಗೆ ದೇಶ ದೇಶಗಳ ನಡುವಿನ ಸಹಕಾರವನ್ನು ಅಧ್ಯಯನ ಮಾಡಲು ಫೆಲೋಶಿಪ್ ಸಿಕ್ಕಿತು. ಒಂದೇ ನದಿಯನ್ನು ಹಂಚಿಕೊಂಡ ಎರಡು ದೇಶಗಳು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಯಾಕೆ ನಂಬುವುದಿಲ್ಲ, ನಂಬಿಸಲು ಜಾಗತಿಕ ಸಂಸ್ಥೆಗಳು ಏನು ಮಾಡಬಹುದು ಎಂಬುದು ವಿಷಯ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನಾನು ನಕ್ಕೆ. ಕರಾರು ಏನೆಂದರೆ, ಈಚೆ ದಡದಿಂದ ಒಬ್ಬರು, ಆಚೆ ದಡದ ದೇಶದಿಂದ ಒಬ್ಬರು. ವರದಿ ಒಂದೇ, ಪುಟ ಪುಟಕ್ಕೂ ಇಬ್ಬರ ಸಹಿ. ಅದು ಒಪ್ಪಿಗೆಯಾದರೆ ಎರಡನೇ ವರ್ಷಕ್ಕೂ ಫೆಲೋಶಿಪ್. ಇಲ್ಲದಿದ್ದರೆ ಅಕ್ಕ ತನ್ನ ಹಳೆಯ ಪಿಎಚ್‌ಡಿ ಗೈಡ್ ಕೈಕೆಳಗೆ ಮರಳಬೇಕು. ಅವಳು ವರ್ಷಗಟ್ಟಲೆ ಕೂಡಿಹಾಕಿದ ಅಂಕಿಗಳನ್ನು ತನ್ನ ಹೆಸರಲ್ಲಿ ಅಚ್ಚು ಹಾಕಿಸಿದ ಮಹಾನುಭಾವ ಆತ. ಅದಕ್ಕಿಂತ ನಿನ್ನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತೇನೆ ಎನ್ನುತ್ತಿದ್ದಳು. ಗುಂಡಿ ಹಚ್ಚಲೂ ಅವಳಿಗೆ ಬಾರದು.

ಒಮ್ಮೆ ಮೋಸಹೋದವಳು ಈ ಸಲ ಉಪಾಯ ಮಾಡಿದಳು. ಆಚೆ ದಡದವಳಿಗೆ ತನ್ನ ಅಧ್ಯಾಯ ಕಳಿಸುವಾಗ ಒಂದು ಬೇಸಿಗೆಯ ನೀರಿನ ಮಟ್ಟವನ್ನು ಬೇಕೆಂದೇ ತಪ್ಪಾಗಿ ಬರೆದಳು. ಆ ತಪ್ಪು ಬೇರೆಲ್ಲಾದರೂ ಅಚ್ಚಾದರೆ ಕಳ್ಳಿ ಸಿಕ್ಕಿಬಿದ್ದಂತೆ. ಕೊನೆಗೆ ಸರಿಪಡಿಸಿದರಾಯಿತು ಎಂದಳು. ನನಗೆ ಮೈ ಉರಿಯಿತು. ಮುಖವನ್ನೇ ನೋಡದ ಹೆಂಗಸನ್ನು ಆಗಲೇ ಕಳ್ಳಿ ಮಾಡಿಯಾಗಿತ್ತು.

ವರದಿ ಕಳಿಸುವ ವಾರ ಆಚೆ ದಡದವಳೇ ಫೋನ್ ಮಾಡಿದಳು. ಸಾಕ್ಷಿಗಿರಲಿ ಎಂದು ಅಕ್ಕ ನನ್ನನ್ನು ಕರೆದು ಸ್ಪೀಕರ್ ಹಾಕಿದಳು.

"ನಿಮ್ಮ ಮೇಲೆ ಅನುಮಾನ ಪಟ್ಟು ಒಂದು ಅಂಕಿ ತಪ್ಪು ಹಾಕಿದ್ದೆ. ಈಗ ಸರಿ ಮಾಡಿದೀನಿ. ನಾಚಿಕೆ ಆಗ್ತಿದೆ. ನೀವೂ ಹಾಗೇನಾದ್ರೂ ಹಾಕಿದ್ರೆ ಹೇಳಿಬಿಡಿ, ನಾನೇನೂ ಅಂದ್ಕೊಳಲ್ಲ," ಎಂದಳು ಆಚೆಯವಳು.

ಹೇಳೇ ಮಹರಾಯ್ತಿ ಎಂದು ನಾನು ಕಣ್ಣಲ್ಲೇ ಬೇಡಿದೆ.

"ನಾನಾ? ಇಲ್ಲಪ್ಪ," ಎಂದಳು ಅಕ್ಕ.

ಬಾಯಿ ಬಿಡಿಸಲು ಹೂಡಿದ ಆಟ ಅದು ಎಂದು ಆಮೇಲೆ ನನಗೇ ಗದರಿದಳು. ಕೊನೆಯ ಪ್ರತಿ ಕೈಗೆ ಬಂದಾಗ ಸದ್ದಿಲ್ಲದೆ ತಿದ್ದುವುದು ಅವಳ ಲೆಕ್ಕಾಚಾರ.

ಆದರೆ ಬಂದ ಪ್ರತಿಯಲ್ಲಿ ಪುಟ ಪುಟಕ್ಕೂ ಆಚೆ ದಡದವಳ ಸಹಿ ಆಗಲೇ ಬಿದ್ದಿತ್ತು. ನೀವು ಇಲ್ಲ ಅಂದ ಮೇಲೆ ನಿಮ್ಮ ಅಧ್ಯಾಯ ಮತ್ತೆ ನೋಡಲಿಲ್ಲ ಎಂದು ಜೊತೆಗೊಂದು ಸಾಲು. ಇನ್ನು ತಿದ್ದಿದರೆ ಹೊಸ ಸಹಿ ಕೇಳಬೇಕು. ಕೇಳಿದರೆ ಕಾರಣ ಹೇಳಬೇಕು. ಅಷ್ಟರಲ್ಲಿ ಅಕ್ಕನಿಗೆ ಇನ್ನೊಂದು ಅನುಮಾನ ಹುಟ್ಟಿತು. ನೋಡದೆ ಯಾರಾದರೂ ಸಹಿ ಹಾಕುತ್ತಾರಾ, ಇದರಲ್ಲೇನೋ ಮಸಲತ್ತು ಇರಬೇಕು ಎಂದು ಅಡುಗೆಮನೆಯ ಮೇಜಿನ ಮೇಲೆ ಪುಟಗಳನ್ನು ಹರಡಿ, ಆಚೆಯವಳ ಒಂದೊಂದು ಅಂಕಿಯನ್ನೂ ಮೂಲದ ಜೊತೆ ಇಟ್ಟು ನೋಡಿದಳು. ಊಟಕ್ಕೆ ಕರೆದರೆ ಏಳಲಿಲ್ಲ. ಎಲ್ಲವೂ ಸರಿಯಿತ್ತು. ಇಡೀ ವರದಿಯಲ್ಲಿ ಇದ್ದ ಸುಳ್ಳು ಅಕ್ಕನದೊಂದೇ, ಅದರ ಕೆಳಗಿದ್ದ ಸಹಿ ಆಚೆಯವಳದು. ಅಕ್ಕ ತಲೆ ಹಿಡಿದುಕೊಂಡು ಕೂತಳು. ಅವಳ ಕಣ್ಣಲ್ಲಿ ನೀರು ನೋಡಿ ನನ್ನ ಸಿಟ್ಟೂ ಇಳಿದುಹೋಯಿತು.

ತಾನೇ ಫೋನ್ ಮಾಡಿದಳು. "ಆವತ್ತು ಸುಳ್ಳು ಹೇಳ್ದೆ. ಒಂದು ಅಂಕಿ ತಪ್ಪಿದೆ, ನಾನೇ ಹಾಕಿದ್ದು."

ಆಚೆಯವಳು ತಕ್ಷಣ ಕೇಳಿದಳು.

"ಇನ್ನೆಷ್ಟಿವೆ?"

"ಅದೊಂದೇ. ನಿಜವಾಗ್ಲೂ."

"ಪುಟ ಎಲ್ಲಾ ವಾಪಸ್ ಕಳಿಸಿ. ಮೊದಲಿಂದ ನೋಡ್ತೀನಿ."

ವರದಿ ಒಪ್ಪಿಗೆಯಾಯಿತು, ಗೈಡ್ ಕಾಟ ತಪ್ಪಿತು, ಎರಡನೇ ವರ್ಷ ನಡೆಯುತ್ತಿದೆ. ಆಚೆ ದಡದವಳು ಈಗ ಅಕ್ಕನ ಪ್ರತಿ ಅಂಕಿಗೂ ಆಧಾರ ಕೇಳುತ್ತಾಳೆ. ಅಕ್ಕ ಎದುರು ಮಾತಾಡದೆ ಕಳಿಸುತ್ತಾಳೆ.